ಹಸಿವಿನ ನೆಲೆಯನ್ನು ಮುಟ್ಟಿದ ಕಣ್ಣಿನ ವೈದ್ಯರು

ಹಸಿವಿನ ಸ್ಥಾನ ಎಲ್ಲಿದೆಯೆಂದು ಕೇಳಿದರೆ ನಮ್ಮಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ನಮ್ಮ ನುಡಿಯೂ ಹಾಗೆಯೇ ಬೆಳೆದು ಬಂದಿದೆ. ಹಸಿವಿಗೆ ಜಠರಾಗ್ನಿಯೆಂದು ಹೆಸರು. ಜೀವನೋಪಾಯಕ್ಕೆ ಹೊಟ್ಟೆಪಾಡೆಂದು ಹೆಸರು. ಮಿತಿಯರಿಯದೆ ಉಣ್ಣುವವನು ಹೊಟ್ಟೆಬಾಕ. ಭೀಮಸೇನನಂತಹ ಮಹಾವೀರನೂ ವೃಕೋದರನೆಂಬ ಹೆಸರನ್ನು ತಪ್ಪಿಸಿಕೊಳ್ಳಲಾಗಲಿಲ್ಲ. ಮೈತುಂಬ ಬೊಜ್ಜು ಬೆಳೆದವನನ್ನು ಕಂಡಾಗ ಜನ ಮರುಕಪಡುವುದು ಅಪರೂಪ. ನಾಲಗೆಗೆ ಲಗಾಮಿಲ್ಲದವನೆಂದು ಮನಸ್ಸಿನಲ್ಲಿಯೇ ತೀರ್ಪುಕೊಟ್ಟು ಮುಂದೆ ನಡೆಯುತ್ತಾರೆ. ಈ ತೀರ್ಪಿನ ಬುಡವನ್ನು ಅಲುಗಿಸಿದ ಘಟನೆಗಳಲ್ಲೊಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಒಂದು ಪ್ರಯೋಗಶಾಲೆಯಲ್ಲಿ ನಡೆಯಿತು. ಮುಂದಿಟ್ಟ ಆಹಾರವನ್ನೂ ಹಾಲನ್ನೂ ಬೇಡವೆಂದು ಬಿಟ್ಟು ಕುಳಿತಿದ್ದ ಒಂದು ಬೆಕ್ಕು, ಮಿದುಳಿನ ತಳದ ಒಂದು ಬಿಂದುವಿಗೆ ಮಂದವಾದ ವಿದ್ಯುತ್ತು ತಾಗಿದೊಡನೆ ಎದ್ದು ಆ ಆಹಾರವನ್ನೇ ಬಾಚಿ ತಿನ್ನತೊಡಗಿತು. ಕೆಲವೊಮ್ಮೆ ಇಂತಹ ಬೆಕ್ಕುಗಳು ಚಿಮಟ, ಬೀಗದ ಕೈ, ಕಡ್ಡಿ ಮೊದಲಾದ ತಿನ್ನಲಾಗದ ವಸ್ತುಗಳನ್ನೂ ಬಾಯಿಗೆ ಹಾಕಿ ಕಡಿಯುತ್ತಿದ್ದವು. ಬೆಕ್ಕಿನ ಹೊಟ್ಟೆಯಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಅದರ ಪಕ್ಕದಲ್ಲಿ ಕುಳಿತು ಈ ವಿಚಿತ್ರವನ್ನು ಬರೆದಿಟ್ಟುಕೊಂಡವರು ಡಾಕ್ಟರ್ ವಾಲ್ಟರ್ ರುಡಾಲ್ಫ್ ಹೆಸ್.

ಹೆಸ್ಸರ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ನಮ್ಮ ನಾಡಿನ ಕಣ್ಣಿನ ವೈದ್ಯರಿಗೆ ಅದು ಬಳಕೆಯ ಮಾತು. ಒಂದು ವಸ್ತು ಎರಡಾಗಿ ಕಾಣುತ್ತದೆಂದು ಬಂದ ರೋಗಿಗೆ ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಗಾಜಿನ ಕನ್ನಡಕವನ್ನು ತೊಡಿಸಿ, ಚೌಕುಳಿ ಗೆರೆಗಳ ಪರದೆಯ ಮುಂದೆ ಕುಳ್ಳಿರಿಸಿ, ಕಣ್ಣನ್ನು ತಿರುಗಿಸುವ ಸ್ನಾಯುಗಳಲ್ಲಿ ಯಾವುದು ಸೋತಿದೆಯೆಂದು ಗೆರೆ ಹಾಕಿ ತಿಳಿಯುವ ಒಂದು ಪರೀಕ್ಷೆಯುಂಟು. ಅದಕ್ಕೆ ಹೆಸ್ ಪರೀಕ್ಷೆಯೆಂದೇ ಹೆಸರು. ಮಿದುಳಿನ ಆಳವನ್ನು ಹೊಕ್ಕ ಹೆಸ್ಸರೂ ಈ ಹೆಸ್ಸರೂ ಒಬ್ಬರೇ ಎಂಬುದನ್ನು ವೈದ್ಯರಲ್ಲಿಯೂ ಅನೇಕರು ಅರಿಯರು.

ಅವರು ಹುಟ್ಟಿದ್ದು 1881ರ ಮಾರ್ಚ್ 17ರಂದು, ಪೂರ್ವ ಸ್ವಿಟ್ಜರ್ಲೆಂಡಿನ ಫ್ರಾವೆನ್‌ಫೆಲ್ಡ್ ಎಂಬ ಚಿಕ್ಕ ಪಟ್ಟಣದಲ್ಲಿ. ತಂದೆ ಅಲ್ಲಿನ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರದ ಉಪಾಧ್ಯಾಯರು. ಮಗನನ್ನು ಪುಸ್ತಕಕ್ಕೆ ಕಟ್ಟಿಹಾಕುವ ಸ್ವಭಾವ ಆ ತಂದೆಗಿರಲಿಲ್ಲ. ಕಾಡು, ಹೊಲ, ಕೆರೆಯಂಗಳಗಳಲ್ಲಿ ಮನಬಂದಂತೆ ಅಲೆಯಲು ಬಿಟ್ಟರು. ಮನೆಗೆ ಬಂದಾಗ ತಮ್ಮ ಪ್ರಯೋಗಶಾಲೆಯ ಉಪಕರಣಗಳನ್ನು ಮುಟ್ಟಲು ಬಿಟ್ಟರು. ಹುಡುಗ ಒಂದು ಕಡೆ ಪ್ರಾಣಿಗಳ ನಡೆನುಡಿಯನ್ನು ತಾಳ್ಮೆಯಿಂದ ನೋಡುವುದನ್ನೂ, ಇನ್ನೊಂದು ಕಡೆ ತಂತಿ, ಗಾಜು, ವಿದ್ಯುತ್ಕೋಶಗಳನ್ನು ಕೈಯಾರೆ ಜೋಡಿಸುವುದನ್ನೂ ಕಲಿತನು. ಮುಂದಿನ ಅರುವತ್ತು ವರ್ಷಗಳ ಸಾಧನೆಗೆ ಬೇಕಾದ ಬಂಡವಾಳವೆಲ್ಲ ಈ ಎರಡು ಅಭ್ಯಾಸಗಳಲ್ಲಿಯೇ ಇದ್ದಿತೆಂದು ನನಗೆ ತೋರುತ್ತದೆ.

1900ರಲ್ಲಿ ಶಾಲೆಯ ಓದು ಮುಗಿಯಿತು. ವೈದ್ಯಶಾಸ್ತ್ರವನ್ನು ಕಲಿಯಲು ಅಂದಿನ ವಾಡಿಕೆಯಂತೆ ಊರಿಂದೂರಿಗೆ ನಡೆದು ಲೊಸಾನ್, ಬರ್ನ್, ಬರ್ಲಿನ್, ಕೀಲ್, ಜ್ಯೂರಿಕ್‌ಗಳಲ್ಲಿ ಗುರುಗಳನ್ನು ಅರಸಿದರು. ವಿದ್ಯಾರ್ಥಿಯಾಗಿದ್ದಾಗಲೇ ಅಂಗಚ್ಛೇದನದ ಮೇಜಿನ ಮೇಲೆ ರಕ್ತನಾಳಗಳ ಒಂದು ಅಪೂರ್ವ ರಚನೆಯನ್ನು ಕಂಡು, ನಾಳಗಳು ಕವಲೊಡೆಯುವ ಬಗೆಗೂ ರಕ್ತದ ಹರಿವಿಗೂ ಇರುವ ಸಂಬಂಧವನ್ನು ಕುರಿತು ಲೇಖನ ಬರೆದು, ವಿಖ್ಯಾತ ಶಾಸ್ತ್ರಜ್ಞ ವಿಲ್ಹೆಲ್ಮ್ ರೂ ಅವರಿಗೆ ಕಳುಹಿಸಿದರು. ರೂ ಅದನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚುಮಾಡಿದರು. 1906ರಲ್ಲಿ ಜ್ಯೂರಿಕ್‌ನಲ್ಲಿ ವೈದ್ಯ ಪದವಿ ದೊರೆಯಿತು. ಅನಂತರ ಶಸ್ತ್ರವೈದ್ಯರೊಬ್ಬರ ಸಹಾಯಕರಾಗಿದ್ದಾಗ ರಕ್ತದ ಸ್ನಿಗ್ಧತೆಯನ್ನು ಅಳೆಯುವ ಒಂದು ಉಪಕರಣವನ್ನು ರಚಿಸಿದರು. ಎರಡು ಸೂಕ್ಷ್ಮ ಗಾಜಿನ ನಳಿಗೆಗಳಲ್ಲಿ ಒಂದರಲ್ಲಿ ರಕ್ತ, ಇನ್ನೊಂದರಲ್ಲಿ ನೀರು. ಎರಡನ್ನೂ ಒಂದೇ ಸಮನಾಗಿ ಸೆಳೆದು ಯಾವುದು ಎಷ್ಟು ದೂರ ಸರಿಯಿತೆಂದು ನೋಡುವುದು. ಸರಳವಾದ ಉಪಾಯ, ಆದರೆ ಭೌತಶಾಸ್ತ್ರದ ಉಪಾಧ್ಯಾಯರ ಮಗನಿಗಲ್ಲದೆ ಬೇರೆ ತರುಣ ವೈದ್ಯನಿಗೆ ಹೊಳೆಯುವುದು ಕಷ್ಟ.

ಶಸ್ತ್ರವೈದ್ಯದಿಂದ ಕಣ್ಣಿನ ವೈದ್ಯಕ್ಕೆ ಬಂದರು. ಜ್ಯೂರಿಕ್‌ನ ಓಟೊ ಹಾಬ್ ಅವರ ಬಳಿ ಪಳಗಿ, ಸರೋವರದ ದಡದ ರಾಪರ್ಸ್‌ವಿಲ್ ಎಂಬ ಊರಿನಲ್ಲಿ ಸ್ವಂತ ಚಿಕಿತ್ಸಾಲಯವನ್ನು ತೆರೆದರು. ಮೇಲೆ ಹೇಳಿದ ಪರದೆ ಈ ಕಾಲದ ಫಲ. ರೋಗಿಗಳು ತುಂಬಿ ಬಂದರು, ಹಣವೂ ಬಂತು. ಲೂಯಿಸ್ ಸ್ಯಾಂಡ್‌ಮೇಯರ್ ಎಂಬಾಕೆಯನ್ನು ಮದುವೆಯಾಗಿ ಗೃಹಸ್ಥರಾದರು. ಹೆಸ್ಸರು ಅಲ್ಲಿಯೇ ಉಳಿದಿದ್ದರೆ ಸರೋವರದ ದಡದಲ್ಲಿ ದೊಡ್ಡ ಮನೆ ಕಟ್ಟಿಸಿ, ಊರಿನ ಗಣ್ಯರಾಗಿ, ಸುಖವಾಗಿ ಮುದುಕರಾಗಬಹುದಾಗಿತ್ತು.

1912ರಲ್ಲಿ, ತಮ್ಮ 31ನೆಯ ವಯಸ್ಸಿನಲ್ಲಿ, ಅವರು ಚಿಕಿತ್ಸಾಲಯದ ಬಾಗಿಲು ಮುಚ್ಚಿದರು. ಜ್ಯೂರಿಕ್ ವಿಶ್ವವಿದ್ಯಾನಿಲಯದ ಶರೀರಕ್ರಿಯಾಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕ ಗಾಲೆಯವರ ಕೈಕೆಳಗೆ ಸಹಾಯಕನ ಹುದ್ದೆಯನ್ನು ಒಪ್ಪಿಕೊಂಡರು. ಆದಾಯ ಬಹುವಾಗಿ ಇಳಿಯಿತು. ತಲೆಯ ಮೇಲೆ ಸಂಸಾರದ ಭಾರವಿತ್ತು. ಇದಕ್ಕೆ ಪತ್ನಿಯ ಒಪ್ಪಿಗೆಯಿತ್ತೆಂಬುದನ್ನು ಮರೆಯಬಾರದು. ವಿಜ್ಞಾನಿಗಳ ಚರಿತ್ರೆ ಬರೆಯುವಾಗ ಇಂತಹ ಒಪ್ಪಿಗೆಗಳು ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತವೆ. ಆ ಮನೆಯ ಲೆಕ್ಕದ ಪುಸ್ತಕವನ್ನು ಬರೆದವಳಿಗೆ ಮಾತ್ರ ಅದು ಅರ್ಧ ವಾಕ್ಯವಾಗಿರಲಾರದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸ್ವಲ್ಪ ಸಮಯ ಜರ್ಮನಿಯ ಬಾನ್ ನಗರದಲ್ಲಿ ಮ್ಯಾಕ್ಸ್ ಫೆರ್ವೋರ್ನ್ ಅವರ ಬಳಿ ಕೆಲಸ ಮಾಡಿ, 1917ರಲ್ಲಿ ಹೆಸ್ಸರು ಜ್ಯೂರಿಕ್ ಸಂಸ್ಥೆಯ ನಿರ್ದೇಶಕರಾದರು. ಅಲ್ಲಿಂದ 1951ರವರೆಗೆ ಆ ಕುರ್ಚಿ ಬದಲಾಗಲಿಲ್ಲ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿಗೆ ಹೋಗಿ ಶೆರಿಂಗ್‌ಟನ್, ಲ್ಯಾಂಗ್ಲೆ, ಸ್ಟಾರ್ಲಿಂಗ್, ಡೇಲ್ ಮೊದಲಾದ ಹಿರಿಯರನ್ನು ಕಂಡು ಬಂದರು.

ಮೊದಲ ಹಲವು ವರ್ಷಗಳ ಅವರ ಕೆಲಸವೆಲ್ಲ ರಕ್ತಸಂಚಾರವನ್ನೂ ಉಸಿರಾಟವನ್ನೂ ಕುರಿತದ್ದು. ಇವೆರಡರ ಮೇಲೂ 1930 ಮತ್ತು 1931ರಲ್ಲಿ ಅವರು ಗ್ರಂಥಗಳನ್ನು ಬರೆದರು. ಆದರೆ ಒಂದು ಪ್ರಶ್ನೆ ಅವರನ್ನು ಬಿಡಲಿಲ್ಲ. ಓಡುವಾಗ ಹೃದಯ ವೇಗವಾಗಿ ಬಡಿಯುತ್ತದೆ, ಚರ್ಮ ಬೆವರುತ್ತದೆ, ಜೀರ್ಣಕ್ರಿಯೆ ತಡೆಯುತ್ತದೆ. ವಿಶ್ರಮಿಸುವಾಗ ಎಲ್ಲವೂ ತಿರುಗುಮುರುಗು. ಒಂದೊಂದು ಅಂಗಕ್ಕೂ ಬೇರೆ ಬೇರೆ ನರವಿದ್ದರೂ ಇವೆಲ್ಲ ಒಂದೇ ಮೇಳದಂತೆ ಹೇಗೆ ನಡೆಯುತ್ತವೆ? ತಾಳ ಹಾಕುವವನು ಎಲ್ಲೋ ಒಂದು ಕಡೆ ಕುಳಿತಿರಬೇಕಲ್ಲವೆ? ಅವನನ್ನು ಹುಡುಕಲು ಹೊರಟವರು ಮಿದುಳಿನ ಬುಡಕ್ಕೆ, ಇಂದು ಹೈಪೊಥಲಾಮಸ್ ಎಂದು ಕರೆಯುವ ಎಡೆಗೆ ಬಂದು ನಿಂತರು.

ಮಿದುಳಿಗೆ ವಿದ್ಯುತ್ತನ್ನು ತಾಗಿಸಿ ನೋಡುವುದು ಹೊಸದಾಗಿರಲಿಲ್ಲ. 1870ರಲ್ಲಿ ಬರ್ಲಿನ್ನಿನ ಫ್ರಿಟ್ಶ್ ಮತ್ತು ಹಿಟ್‌ಝಿಗ್ ನಾಯಿಯ ಮಿದುಳಿನ ಮೇಲ್ಪದರವನ್ನು ಮುಟ್ಟಿ ಕಾಲುಗಳನ್ನು ಕುಣಿಸಿದ್ದರು. 1909ರಲ್ಲಿ ವಿಯೆನ್ನಾದ ಕಾರ್ಪ್ಲಸ್ ಮತ್ತು ಕ್ರೈಡ್ಲ್ ಹೈಪೊಥಲಾಮಸ್ಸನ್ನೇ ಮುಟ್ಟಿದ್ದರು. ಆದರೆ ಅರಿವಳಿಕೆಯಲ್ಲಿ ಮಲಗಿದ ಪ್ರಾಣಿ ಏನು ಹೇಳೀತು? ಅದಕ್ಕೆ ಹಸಿವಿಲ್ಲ, ಕೋಪವಿಲ್ಲ, ಭಯವಿಲ್ಲ. ಹೆಸ್ಸರ ಹೊಸತನವಿದ್ದುದು ಇಲ್ಲಿ: ಬೆಕ್ಕಿಗೆ ಅರಿವಳಿಕೆ ಕೊಟ್ಟು, ತಲೆಯೋಡಿಗೆ ಒಂದು ಚಿಕ್ಕ ಆಧಾರವನ್ನು ಬಿಗಿದು, ಅದರ ಮೂಲಕ ಕೂದಲಿನಷ್ಟು ತೆಳುವಾದ, ತುದಿಯೊಂದನ್ನು ಬಿಟ್ಟು ಉಳಿದೆಡೆಯೆಲ್ಲ ಕವಚವಿದ್ದ ತಂತಿಗಳನ್ನು ಆಳಕ್ಕೆ ಇಳಿಸುವುದು, ಬೆಕ್ಕು ಎಚ್ಚರಗೊಂಡು, ಚೇತರಿಸಿಕೊಂಡು, ಎಂದಿನಂತೆ ಓಡಾಡತೊಡಗಿದ ಮೇಲೆ ಹಗುರವಾದ ಎಳೆಯೊಂದರಿಂದ ಪ್ರವಾಹವನ್ನು ಹಾಯಿಸುವುದು. ಪ್ರವಾಹವೂ ಥಟ್ಟನೆ ಹೊಡೆಯುವಂತಹದಲ್ಲ. ನಿಧಾನವಾಗಿ ಏರಿ ಇಳಿಯುವ ಮಿಡಿತಗಳನ್ನು ಹೆಸ್ಸರು ಬೇಕೆಂದೇ ಆರಿಸಿಕೊಂಡಿದ್ದರು. ಬೆಕ್ಕಿನ ಚಲನವಲನವನ್ನೆಲ್ಲ ಚಲಚ್ಚಿತ್ರದಲ್ಲಿ ಹಿಡಿದಿಡುತ್ತಿದ್ದರು. ಕೊನೆಯಲ್ಲಿ ಆ ಮಿದುಳನ್ನು ತೆಳು ಪದರಗಳಾಗಿ ಸೀಳಿ, ತಂತಿಯ ತುದಿ ಯಾವ ಕಣಜಾಲದಲ್ಲಿ ನೆಲೆಸಿತ್ತೆಂದು ಸೂಕ್ಷ್ಮದರ್ಶಕದಲ್ಲಿ ಗುರುತಿಸಿ, ಚಿತ್ರದೊಡನೆ ತಾಳೆ ನೋಡುತ್ತಿದ್ದರು. 1920ರ ದಶಕದ ನಡುವಿನಿಂದ ಸುಮಾರು ಕಾಲು ಶತಮಾನ ಈ ಕೆಲಸ ನಡೆಯಿತು. ನೂರಾರು ಬೆಕ್ಕುಗಳು, ಸಾವಿರಾರು ಬಿಂದುಗಳು. ಕಣ್ಣಿನ ಸ್ನಾಯುಗಳಿಗೆ ಚೌಕುಳಿ ಪರದೆಯ ಮೇಲೆ ನಕ್ಷೆ ಬರೆದ ಅದೇ ಕೈ ಮಿದುಳಿನ ತಳಕ್ಕೂ ನಕ್ಷೆ ಬರೆಯಿತು.

ಈ ಬೆಕ್ಕುಗಳ ವಿಷಯವನ್ನು ಮೌನದಲ್ಲಿ ದಾಟಿಹೋಗುವುದು ಸರಿಯಲ್ಲ. ಪ್ರಾಣಿಗಳ ಮೇಲಣ ಪ್ರಯೋಗವನ್ನು ವಿರೋಧಿಸುವವರು ಸ್ವಿಟ್ಜರ್ಲೆಂಡಿನಲ್ಲಿಯೂ ಪ್ರಬಲರಾಗಿದ್ದರು. ಹೆಸ್ಸರು ಅವರೊಡನೆ ಬಹಿರಂಗವಾಗಿಯೇ ವಾದಕ್ಕಿಳಿದರು. ತಾವು ಮಾಡುವುದು ಅನಿವಾರ್ಯವೆಂದೂ ಅನಾವಶ್ಯಕವಾದ ನೋವನ್ನು ತಡೆಯುವುದು ಪ್ರಯೋಗಕಾರನ ಧರ್ಮವೆಂದೂ ಅವರ ನಿಲುವು. ಈ ವಾದ ಎಲ್ಲರಿಗೂ ಒಪ್ಪಿತವಾಗುವಂತಹದಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ಓದಿಕೊಂಡು ಬೆಳೆದ ನಮ್ಮಂಥವರಿಗೆ ಅಳುಕು ಹುಟ್ಟುವುದು ಸಹಜ. ಪಾರ್ಕಿನ್ಸನ್ ಕಾಯಿಲೆಯ ನಡುಕ ತಗ್ಗಿ ಮೊದಲ ಸಲ ತನ್ನ ಕೈಯಿಂದಲೇ ತುತ್ತನ್ನೆತ್ತಿದ ರೋಗಿಯ ಮುಂದೆ ಆ ಅಳುಕು ಯಾವ ರೂಪವನ್ನು ತಾಳುತ್ತದೆಯೆಂಬುದನ್ನೂ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ತಂತಿಯ ತುದಿ ತಾಗಿದ ಕಡೆಗೆ ತಕ್ಕಂತೆ ಬೆಕ್ಕು ಬೇರೆಯ ಪ್ರಾಣಿಯೇ ಆಗುತ್ತಿತ್ತು. ಒಂದು ಎಡೆಯಲ್ಲಿ ಪ್ರವಾಹ ಹಾಯ್ದರೆ ಅದರ ಕಿವಿ ಹಿಂದಕ್ಕೆ ಮಡಚಿ, ಬೆನ್ನು ಬಿಲ್ಲಿನಂತೆ ಬಾಗಿ, ರೋಮ ನಿಮಿರಿ, ಕಣ್ಣಿನ ಪಾಪೆ ಅಗಲವಾಗಿ, ನಾಯಿಯನ್ನು ಕಂಡಂತೆ ಬುಸುಗುಡುತ್ತ ಎದುರಿದ್ದವರ ಮೇಲೆ ಎರಗುತ್ತಿತ್ತು. ಪ್ರವಾಹ ನಿಂತರೆ ಮತ್ತೆ ಸಾಧುವಾದ ಬೆಕ್ಕು. ಇನ್ನೊಂದು ಎಡೆಯಲ್ಲಿ ತಾಗಿಸಿದರೆ ತೂಕಡಿಸಿ, ಮಲಗಲು ಅನುಕೂಲವಾದ ಜಾಗವನ್ನು ನೋಡಿಕೊಂಡು, ಸುರುಳಿಯಾಗಿ ಮಲಗಿ ನಿಜವಾಗಿಯೂ ನಿದ್ರಿಸುತ್ತಿತ್ತು, ಮುಟ್ಟಿದರೆ ಎಚ್ಚರಗೊಳ್ಳುತ್ತಿತ್ತು. ಈ ನಿದ್ರೆಯ ವಿಷಯವನ್ನು ಬಹಳ ಮಂದಿ ನಂಬಲಿಲ್ಲ. ಬೇರೆಡೆ ಬೇರೆ ಬಗೆಯ ಪ್ರವಾಹವನ್ನು ಬಳಸಿದವರಿಗೆ ಬೆಕ್ಕು ನಿದ್ರಿಸಲಿಲ್ಲ. ಅದಕ್ಕಾಗಿ ಹೆಸ್ಸರು ವರ್ಷಗಟ್ಟಲೆ ಸಂಶಯದ ಮಾತುಗಳನ್ನು ಕೇಳಬೇಕಾಯಿತು. ದೇಹವನ್ನು ಕಾರ್ಯಕ್ಕೆ ಸಜ್ಜುಗೊಳಿಸುವ ಒಂದು ವ್ಯವಸ್ಥೆ, ಅದನ್ನು ವಿಶ್ರಾಂತಿಗೂ ಪೋಷಣೆಗೂ ತಿರುಗಿಸುವ ಇನ್ನೊಂದು ವ್ಯವಸ್ಥೆ ಎಂದು ಅವರು ಮಿದುಳಿನ ತಳವನ್ನು ಎರಡಾಗಿ ವಿಂಗಡಿಸಿದರು. ಧ್ಯಾನದಿಂದ ದೇಹಕ್ಕೆ ದೊರೆಯುವ ಶಾಂತಿಯನ್ನು 1970ರ ದಶಕದಲ್ಲಿ ಅಮೆರಿಕದ ಹರ್ಬರ್ಟ್ ಬೆನ್ಸನ್ ವಿವರಿಸಹೊರಟಾಗ ಆಸರೆಯಾಗಿ ಹಿಡಿದದ್ದು ಹೆಸ್ಸರ ಈ ಎರಡನೆಯ ವ್ಯವಸ್ಥೆಯನ್ನೇ.

ಆದರೆ ಹಸಿವಿನ ಬಿಂದುವಿನಿಂದ ಹೊರಟ ದಾರಿಯೇ ಎಲ್ಲಕ್ಕಿಂತ ದೂರ ಹೋಯಿತು. ಹೆಸ್ಸರ ಪ್ರಯೋಗಶಾಲೆಯ ಬ್ರೂಗರ್ 1943ರಲ್ಲಿ ಇದನ್ನು ವಿಸ್ತಾರವಾಗಿ ಬರೆದರು. ಮಿದುಳಿಗೂ ಬೊಜ್ಜಿಗೂ ನಂಟಿದೆಯೆಂಬ ಸುಳಿವು ವೈದ್ಯರಿಗೆ ಮೊದಲೇ ಸಿಕ್ಕಿತ್ತು. 1901ರಲ್ಲಿ ವಿಯೆನ್ನಾದ ಫ್ರೋಲಿಕ್ ಎಂಬ ವೈದ್ಯರು ತಲೆನೋವಿನಿಂದ ನರಳುತ್ತ, ದೃಷ್ಟಿಯನ್ನು ಕಳೆದುಕೊಳ್ಳುತ್ತ, ಅದೇ ಸಮಯದಲ್ಲಿ ದಪ್ಪವಾಗುತ್ತ ಹೋದ ಹುಡುಗನೊಬ್ಬನನ್ನು ವರ್ಣಿಸಿದ್ದರು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಬಳಿ ಅವನಿಗೆ ಗೆಡ್ಡೆಯಿತ್ತು. ತಪ್ಪು ಗ್ರಂಥಿಯದೋ ಅದರ ಮೇಲಿರುವ ಮಿದುಳಿನದೋ ಎಂಬ ಜಗಳ ನಲವತ್ತು ವರ್ಷ ನಡೆಯಿತು. 1940ರಲ್ಲಿ ಅಮೆರಿಕದ ಹೆದರಿಂಗ್‌ಟನ್ ಮತ್ತು ರ‍್ಯಾನ್‌ಸನ್ ಇಲಿಗಳ ಗ್ರಂಥಿಯನ್ನು ಮುಟ್ಟದೆ ಹೈಪೊಥಲಾಮಸ್ಸಿನ ನಡುಭಾಗವನ್ನು ಮಾತ್ರ ಸುಟ್ಟು, ಇಲಿಗಳು ಚೆಂಡಿನಂತೆ ಉಬ್ಬುವುದನ್ನು ತೋರಿಸಿದ ಮೇಲೆ ಆ ಜಗಳ ಇತ್ಯರ್ಥವಾಯಿತು.

ಇಲ್ಲಿ ನಮ್ಮ ದೇಶದವರೊಬ್ಬರು ರಂಗಕ್ಕೆ ಬರುತ್ತಾರೆ. ಲಾಹೋರಿನಲ್ಲಿ ಹುಟ್ಟಿ ಅಲ್ಲಿಯೇ ವೈದ್ಯಶಾಸ್ತ್ರ ಕಲಿತ ಬಾಲಕೃಷ್ಣ ಆನಂದ್, ದೇಶ ಇಬ್ಭಾಗವಾದ ಕೆಲವೇ ವರ್ಷಗಳ ಅನಂತರ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯಕ್ಕೆ ಹೋದರು. 1951ರಲ್ಲಿ ಅವರೂ ಜಾನ್ ಬ್ರೋಬೆಕ್ ಅವರೂ ಸೇರಿ ಇಲಿಯ ಹೈಪೊಥಲಾಮಸ್ಸಿನ ಎರಡೂ ಪಕ್ಕಗಳಲ್ಲಿ ಒಂದೊಂದು ಸಣ್ಣ ಎಡೆಯನ್ನು ನಾಶಮಾಡಿದಾಗ ಇಲಿ ತಿನ್ನುವುದನ್ನೇ ಬಿಟ್ಟಿತು. ಕಾಳಿನ ರಾಶಿಯ ನಡುವೆ ಕುಳಿತು ಅದು ಉಪವಾಸದಿಂದ ಸತ್ತಿತು. 1953ರಲ್ಲಿ ಅವರು ಹೋಸೆ ಡೆಲ್‌ಗಾಡೊ ಅವರೊಡನೆ ಬೆಕ್ಕಿನ ಆ ಪಕ್ಕದ ಎಡೆಗೆ ವಿದ್ಯುತ್ತನ್ನು ಹಾಯಿಸಿದಾಗ ಅದರ ಆಹಾರ ಹೆಚ್ಚಿತು. ಹೆಸ್ಸರ ಬೆಕ್ಕು ಕಂಡಂತೆ ಕಂಡು ಮರೆಯಾಗಿದ್ದ ಸಂಗತಿಗೆ ಈಗ ಒಂದು ವಿಳಾಸ ದೊರೆತಂತಾಯಿತು: ಪಕ್ಕದಲ್ಲಿ ಉಣ್ಣು ಎನ್ನುವ ನೆಲೆ, ನಡುವೆ ಸಾಕು ಎನ್ನುವ ನೆಲೆ. ಆನಂದ್ ಅವರು ಮುಂದೆ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಶರೀರಕ್ರಿಯಾಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು.

ಹಾಗಿದ್ದರೆ ಬೊಜ್ಜಿನಿಂದ ಪ್ರಾಣಕ್ಕೆ ಸಂಚಕಾರ ಬಂದ ಮನುಷ್ಯನ ಮಿದುಳಿನಲ್ಲಿ ಉಣ್ಣು ಎನ್ನುವ ನೆಲೆಯನ್ನು ಸುಮ್ಮನಾಗಿಸಬಹುದಲ್ಲವೆ? ಪ್ರಶ್ನೆ ಹುಟ್ಟುವುದು ಸುಲಭ. ಉತ್ತರ ಇನ್ನೂ ಪೂರ್ಣವಾಗಿ ಬಂದಿಲ್ಲ. ಡೆನ್ಮಾರ್ಕಿನ ವೈದ್ಯರು ಕೆಲವು ಮಂದಿ ಅತಿ ಸ್ಥೂಲಕಾಯರ ಮಿದುಳಿನಲ್ಲಿ ಆ ನೆಲೆಯನ್ನು ವಿದ್ಯುತ್ತಿನಿಂದ ಗುರುತಿಸಿ, ಬಳಿಕ ಸುಟ್ಟರು. ತಿನ್ನುವುದು ತಾತ್ಕಾಲಿಕವಾಗಿ ಇಳಿಯಿತಷ್ಟೆ. ಸುಟ್ಟದ್ದನ್ನು ಮರಳಿ ಪಡೆಯುವಂತಿಲ್ಲವಾದ್ದರಿಂದ ಈ ದಾರಿಯಲ್ಲಿ ಹೆಚ್ಚು ಮಂದಿ ನಡೆಯಲಿಲ್ಲ. 1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್ ನಗರದ ಬೆನಾಬಿದ್ ಮತ್ತು ಸಂಗಡಿಗರು ಇನ್ನೊಂದು ಉಪಾಯವನ್ನು ಮುಂದಿಟ್ಟರು. ಮಿದುಳಿನಲ್ಲಿ ಶಾಶ್ವತವಾಗಿ ಇರಿಸಿದ ತಂತಿಯಿಂದ ಸೆಕೆಂಡಿಗೆ ನೂರಕ್ಕಿಂತಲೂ ಹೆಚ್ಚು ಮಿಡಿತಗಳನ್ನು ಹಾಯಿಸಿದರೆ, ಹೆಸ್ಸರ ನಿಧಾನ ಮಿಡಿತ ಎಬ್ಬಿಸಿದ್ದನ್ನು ಈ ಶೀಘ್ರ ಮಿಡಿತ ಅಡಗಿಸುತ್ತದೆ. ಬೇಡವೆನಿಸಿದರೆ ಯಂತ್ರವನ್ನು ನಿಲ್ಲಿಸಬಹುದು. ಎದೆಯ ಚರ್ಮದ ಕೆಳಗೆ ಹುದುಗಿಸಿದ ಪುಟ್ಟ ಯಂತ್ರದಿಂದ ನಡೆಯುವ ಈ ಚಿಕಿತ್ಸೆ ನಡುಕದ ಕಾಯಿಲೆಗಳಿಗೆ ಲೋಕದಲ್ಲೆಲ್ಲ ಬಳಕೆಗೆ ಬಂತು.

ಬೊಜ್ಜಿಗೆ ಅದನ್ನು ಬಳಸಹೋದಾಗ ಆದದ್ದು ಬೇರೆಯೇ. ಕೆನಡಾದ ಟೊರಾಂಟೊ ನಗರದಲ್ಲಿ ಅತಿಯಾದ ಸ್ಥೂಲತೆಯಿಂದ ಬಳಲುತ್ತಿದ್ದ ಒಬ್ಬರ ಹೈಪೊಥಲಾಮಸ್ಸಿಗೆ ವೈದ್ಯರು ತಂತಿಯನ್ನಿಳಿಸಿ ಪ್ರವಾಹ ಹಾಯಿಸಿದರು. ಹಸಿವು ತಗ್ಗೀತೆಂದು ಎಲ್ಲರೂ ಕಾಯುತ್ತಿರಲು, ಆ ಮನುಷ್ಯನಿಗೆ ಎಷ್ಟೋ ವರ್ಷಗಳ ಹಿಂದೆ ಗೆಳೆಯರೊಡನೆ ಉದ್ಯಾನವೊಂದರಲ್ಲಿ ಕಳೆದ ದಿನ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಪ್ರವಾಹವನ್ನು ಹೆಚ್ಚಿಸಿದಷ್ಟೂ ಆ ನೋಟ ನಿಚ್ಚಳವಾಯಿತು. ನೆನಪಿಗೆ ಸಂಬಂಧಿಸಿದ ನರತಂತುಗಳ ಕಂತೆಯೊಂದು ಅಲ್ಲಿಯೇ ಹಾದುಹೋಗುತ್ತದೆ. ಪ್ರವಾಹ ಅದಕ್ಕೂ ಹಬ್ಬಿತ್ತು. 2008ರಲ್ಲಿ ಪ್ರಕಟವಾದ ಈ ವರದಿಯಿಂದ ಮರೆವಿನ ರೋಗದ ಚಿಕಿತ್ಸೆಗೆ ಹೊಸ ಪ್ರಯತ್ನಗಳು ಹುಟ್ಟಿಕೊಂಡವು. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ವೈದ್ಯರು, ಜಠರದ ಶಸ್ತ್ರಕ್ರಿಯೆಯಿಂದಲೂ ಫಲ ಕಾಣದ ಮೂವರಲ್ಲಿ ಉಣ್ಣು ಎನ್ನುವ ನೆಲೆಗೇ ತಂತಿಯಿಟ್ಟದ್ದನ್ನು ವರದಿಮಾಡಿದರು. ಚಿಕಿತ್ಸೆ ಅಪಾಯಕಾರಿಯಲ್ಲವೆಂದು ತಿಳಿಯಿತು. ತೂಕ ಸ್ವಲ್ಪ ಇಳಿಯುವ ಸೂಚನೆಯೂ ಕಂಡಿತು. ಅದಕ್ಕಿಂತ ಹೆಚ್ಚಿಗೆ ಹೇಳುವಂತಿರಲಿಲ್ಲ. 2022ರಲ್ಲಿ ಪ್ರಕಟವಾದ ಮತ್ತೊಂದು ವರದಿಯಲ್ಲಿ ತಂತಿ ಹೋದದ್ದು ಹಸಿವಿನ ನೆಲೆಗಲ್ಲ, ಸುಖದ ಆಸೆಗೆ ಸಂಬಂಧಿಸಿದ ಬೇರೊಂದು ನೆಲೆಗೆ. ತಡೆಯಲಾಗದೆ ತಿನ್ನುವ ಹುಚ್ಚಿಗೆ ಒಳಗಾಗಿದ್ದ ಇಬ್ಬರಲ್ಲಿ, ಆ ಆಸೆ ಕೆರಳುವ ಕ್ಷಣದ ಲಕ್ಷಣವನ್ನು ಯಂತ್ರವೇ ಗುರುತಿಸಿ ಆಗ ಮಾತ್ರ ಪ್ರವಾಹವನ್ನು ಕೊಟ್ಟಿತು. ಆರು ತಿಂಗಳಲ್ಲಿ ಅಂತಹ ತಿನ್ನುವಿಕೆಯೂ ತೂಕವೂ ಇಳಿದವು. ಇಬ್ಬರೇ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಎರಡು ನೆಲೆಗಳ ಆ ಅಚ್ಚುಕಟ್ಟಾದ ಚಿತ್ರವೂ ಇಂದು ಹಾಗೆಯೇ ಉಳಿದಿಲ್ಲ. 1994ರಲ್ಲಿ ನ್ಯೂಯಾರ್ಕಿನ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ರಸವನ್ನು ಕಂಡುಹಿಡಿದರು. ದೇಹದ ಕೊಬ್ಬು ತನ್ನ ಪ್ರಮಾಣವನ್ನು ಈ ರಸದ ಮೂಲಕ ಮಿದುಳಿಗೆ ವರದಿ ಒಪ್ಪಿಸುತ್ತದೆ. ಅದನ್ನು ಓದಿಕೊಳ್ಳುವ ಮುಖ್ಯ ಕಚೇರಿ ಹೈಪೊಥಲಾಮಸ್. ತೂಕ ಇಳಿದಾಗ ವರದಿ ಕುಗ್ಗುತ್ತದೆ, ಮಿದುಳು ಬರಗಾಲವೆಂದು ಬಗೆದು ಹಸಿವನ್ನು ಹೆಚ್ಚಿಸುತ್ತದೆ, ದೇಹದ ವ್ಯಯವನ್ನು ತಗ್ಗಿಸುತ್ತದೆ. ಪಥ್ಯಮಾಡಿ ಕಷ್ಟಪಟ್ಟು ಇಳಿಸಿದ ತೂಕ ವರ್ಷ ತಿರುಗುವುದರೊಳಗೆ ಮರಳಿ ಏರುವುದಕ್ಕೆ ನಾಲಗೆಯ ಚಾಪಲ್ಯವೊಂದೇ ಕಾರಣವಲ್ಲವೆಂಬುದು ಇದರಿಂದ ಗೊತ್ತಾಯಿತು.

ಹೆಸ್ಸರ ಕಥೆಗೆ ಹಿಂದಿರುಗೋಣ. ಅವರು ಪ್ರಯೋಗಶಾಲೆಯಲ್ಲಿಯೇ ಹುದುಗಿಹೋದವರಲ್ಲ. ಪರ್ವತದ ತುದಿಯಲ್ಲಿ ತೆಳುಗಾಳಿಯನ್ನು ಉಸಿರಾಡುವ ದೇಹ ಹೇಗೆ ನಡೆಯುತ್ತದೆಯೆಂದು ತಿಳಿಯುವ ಆಸೆ ಉಸಿರಾಟದ ಶಾಸ್ತ್ರಜ್ಞನಿಗೆ ಸಹಜವಷ್ಟೆ. ಆಲ್ಪ್ಸ್ ಪರ್ವತದ ಯುಂಗ್‌ಫ್ರಾವ್‌ಯೋಕ್ ಕಣಿವೆಯಲ್ಲಿ, ಸುಮಾರು 3,450 ಮೀಟರ್ ಎತ್ತರದಲ್ಲಿ ಸಂಶೋಧನಾಲಯವನ್ನು ಕಟ್ಟುವ ಕನಸು ಕಂಡಿದ್ದ ಹವಾಮಾನಶಾಸ್ತ್ರಜ್ಞ ಡಿ ಕೆರ್ವೆಯ್ನ್ ಅದನ್ನು ಕಾಣದೆ 1927ರಲ್ಲಿ ತೀರಿಕೊಂಡಾಗ, ಆ ಹೊರೆಯನ್ನು ಹೆಸ್ಸರು ಹೊತ್ತರು. ಹಲವು ದೇಶಗಳಿಂದ ನೆರವು ಕೂಡಿಸಿ 1931ರಲ್ಲಿ ಅದನ್ನು ತೆರೆದರು. ಆ ಸಂಶೋಧನಾಲಯ ಇಂದಿಗೂ ನಡೆಯುತ್ತಿದೆ. 1935ರಲ್ಲಿ ಲೆನಿನ್‌ಗ್ರಾಡಿನಲ್ಲಿ ಪಾವ್ಲೋವ್ ಅಧ್ಯಕ್ಷತೆ ವಹಿಸಿದ್ದ ಅಂತಾರಾಷ್ಟ್ರೀಯ ಶರೀರಕ್ರಿಯಾಶಾಸ್ತ್ರ ಸಮ್ಮೇಳನದ ಮುಂದಿನ ಅಧಿವೇಶನ 1938ರಲ್ಲಿ ಜ್ಯೂರಿಕ್‌ನಲ್ಲಿ ನೆರೆದಾಗ ಅದರ ಅಧ್ಯಕ್ಷರು ಹೆಸ್ಸರು.

ಮರುವರ್ಷ ಯುದ್ಧ ಬಂತು. ಸುತ್ತಲೂ ಬೆಂಕಿ ಹೊತ್ತಿಕೊಂಡಿದ್ದಾಗ ನಡುವೆ ಉಳಿದ ಸಣ್ಣ ದೇಶದಲ್ಲಿ ಕೆಲಸವೇನೋ ನಿಲ್ಲಲಿಲ್ಲ. ಆದರೆ ಅವರ ಬರಹವೆಲ್ಲ ಜರ್ಮನ್ ಭಾಷೆಯಲ್ಲಿ, ಅದೂ ಕಠಿನವಾದ ಶೈಲಿಯಲ್ಲಿದ್ದುದರಿಂದ ಇಂಗ್ಲಿಷ್ ಓದುವ ಲೋಕಕ್ಕೆ ತಲುಪಲಿಲ್ಲ. ಅವರು ಕಾಲು ಶತಮಾನದ ಫಲವನ್ನು ಒಂದು ಗ್ರಂಥವಾಗಿ ಕೂಡಿಸಿದ್ದು 1949ರಲ್ಲಿ. ಅದೇ ವರ್ಷ ನೊಬೆಲ್ ಪಾರಿತೋಷಕವೂ ಬಂತು. ಆಗ ಅವರಿಗೆ 68 ವರ್ಷ.

ಆ ಪಾರಿತೋಷಕದ ಅರ್ಧ ಮಾತ್ರ ಅವರದು. ಉಳಿದರ್ಧ ಸಂದದ್ದು ಪೋರ್ಚುಗಲ್ ದೇಶದ ಈಗಾಸ್ ಮೊನೀಜ್ ಅವರಿಗೆ. ಮಾನಸಿಕ ರೋಗಿಗಳ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಚಿಕಿತ್ಸೆಗಾಗಿ. ಹೀಗೆ ಒಂದೇ ವೇದಿಕೆಯಲ್ಲಿ ಎರಡು ಮನೋಧರ್ಮಗಳಿಗೆ ಒಂದೇ ಗೌರವ ದೊರೆಯಿತು. ಒಬ್ಬರು ಒಂದೊಂದು ಬಿಂದುವನ್ನೂ ಗುರುತಿಸಲು ವರ್ಷಗಳನ್ನು ಕಳೆದು, ಮನುಷ್ಯನ ಮಿದುಳಿನ ಹತ್ತಿರಕ್ಕೂ ಹೋಗದೆ ಉಳಿದವರು. ಇನ್ನೊಬ್ಬರು ನಕ್ಷೆ ಸಿದ್ಧವಾಗುವ ಮುನ್ನವೇ ಕತ್ತಿಯನ್ನು ಇಳಿಸಿದವರು. ಮೊನೀಜ್ ಅವರ ಚಿಕಿತ್ಸೆಯಿಂದ ಅನೇಕ ದೇಶಗಳಲ್ಲಿ ಸಾವಿರಾರು ರೋಗಿಗಳು ತಮ್ಮ ವ್ಯಕ್ತಿತ್ವವನ್ನೇ ಕಳೆದುಕೊಂಡರು. 1950ರ ದಶಕದಲ್ಲಿ ಔಷಧಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಮಿದುಳಿಗೆ ತಂತಿಯಿಟ್ಟು ಬೊಜ್ಜನ್ನೋ ಬೇರೊಂದು ಬಯಕೆಯನ್ನೋ ತಿದ್ದಹೊರಟ ಇಂದಿನ ವೈದ್ಯರು ಒಬ್ಬಿಬ್ಬರು, ಮೂವರು ರೋಗಿಗಳೊಡನೆ ಅಷ್ಟು ನಿಧಾನವಾಗಿ ಹೆಜ್ಜೆಯಿಡುವುದು ಆ ಇನ್ನರ್ಧದ ನೆನಪಿನಿಂದಲೂ ಹೌದು.

1951ರಲ್ಲಿ ನಿವೃತ್ತರಾದ ಮೇಲೂ ಹೆಸ್ಸರು ಸುಮ್ಮನೆ ಕೂರಲಿಲ್ಲ. ಅವರ ಗ್ರಂಥಗಳು ಇಂಗ್ಲಿಷಿಗೆ ಬಂದುದು 1950ರ ದಶಕದಲ್ಲಿ. ಅವರ ಶಿಷ್ಯ ಕೊನ್ರಾಡ್ ಆಕರ್ಟ್ ಜ್ಯೂರಿಕ್‌ನ ಮಿದುಳು ಸಂಶೋಧನೆಯನ್ನು ಮುಂದುವರಿಸಿದರು. ಮಗ ರುಡಾಲ್ಫ್ ಮ್ಯಾಕ್ಸ್ ನರರೋಗಗಳ ವೈದ್ಯರಾದರು. ತಮ್ಮ 81ನೆಯ ವಯಸ್ಸಿನಲ್ಲಿ, 1962ರಲ್ಲಿ, ಮನಶ್ಶಾಸ್ತ್ರವನ್ನು ಜೀವಶಾಸ್ತ್ರದ ಕಣ್ಣಿನಿಂದ ನೋಡುವ ಒಂದು ಪುಸ್ತಕವನ್ನು ಅವರು ಹೊರತಂದರು. ಬೆಕ್ಕಿನ ಕೋಪ, ನಿದ್ರೆ, ಹಸಿವುಗಳಿಂದ ಹೊರಟ ವಿಚಾರವನ್ನು ಮನುಷ್ಯನ ಮನಸ್ಸಿನವರೆಗೂ ಒಯ್ಯುವ ಮೊದಲು ಅವರು ಇಷ್ಟು ವರ್ಷ ಕಾದಿದ್ದರು.

ಕೊನೆಯ ದಿನಗಳನ್ನು ಅವರು ಕಳೆದದ್ದು ಇಟಲಿಯ ಗಡಿಗೆ ಸಮೀಪದ, ಬಿಸಿಲು ಹೆಚ್ಚಾಗಿರುವ ಲೊಕಾರ್ನೊ ಪ್ರದೇಶದಲ್ಲಿ. ಅಲ್ಲಿಯೂ ಒಂದು ಸರೋವರವಿದೆ. 1973ರ ಆಗಸ್ಟ್ 12ರಂದು, 92 ವರ್ಷ ತುಂಬಿದ್ದ ಹೆಸ್ಸರು ತೀರಿಕೊಂಡರು. ಮನುಷ್ಯನ ಮಿದುಳಿನಲ್ಲಿ ಹಸಿವಿನ ನೆಲೆಯನ್ನು ಮುಟ್ಟಿದ ಡೆನ್ಮಾರ್ಕಿನ ವೈದ್ಯರ ವರದಿ ಅಚ್ಚಾದದ್ದು ಮರುವರ್ಷ.